ಸರ್ವೆ ನಂಬರಿನೊಳಗಿನ ಊರು

ಹುಬ್ಬಳ್ಳಿಯ ಕೇಶ್ವಾಪುರ ದಾಟಿ ಬೆಂಗೇರಿಯ ಮಗ್ಗುಲಿಗೆ ಹೋದರೆ ಗೋಪನಕೊಪ್ಪ. ಈಗ ಅದನ್ನು ಊರು ಎನ್ನುವವರು ಕಡಿಮೆ, ಏರಿಯಾ ಎನ್ನುವವರೇ ಹೆಚ್ಚು. ಶಾಲೆಯ ಅರ್ಜಿಯಲ್ಲಿ 'ಊರು' ಎಂದು ಕೇಳಿದ ಕಡೆ ಹುಡುಗರು ಹುಬ್ಬಳ್ಳಿ ಎಂದು ಬರೆಯುತ್ತಾರೆ. ಗೋಪನಕೊಪ್ಪ ವಿಳಾಸದ ನಡುಸಾಲಿಗೆ ಸರಿದಿದೆ. ಆದರೆ ಅದೇ ಮನೆಯ ಟ್ರೆಜರಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ಖರೀದಿಪತ್ರವನ್ನು ತೆಗೆದು ನೋಡಿದರೆ ಕಥೆ ಬೇರೆ. ಅಲ್ಲಿ 'ಮೌಜೆ ಗೋಪನಕೊಪ್ಪ' ಎಂದು ಮೊದಲು ಬರುತ್ತದೆ, ಆಮೇಲೆ ಒಂದು ಸರ್ವೆ ನಂಬರು, ಆಮೇಲೆ ನಾಲ್ಕು ದಿಕ್ಕಿನ ಚಕಬಂದಿ. ಮನೆ ಎದ್ದು ಎಷ್ಟೋ ವರ್ಷವಾಗಿರಬಹುದು. ಕಾಗದದ ಲೆಕ್ಕದಲ್ಲಿ ಆ ಮನೆ ಇನ್ನೂ ಒಂದು ಹೊಲದೊಳಗೆ ನಿಂತಿದೆ.

ಆ ಹೊಲ ಯಾವುದು, ಅದಕ್ಕೆ ಆ ಅಂಕಿ ಕೊಟ್ಟವರು ಯಾರು ಎಂದು ಹುಡುಕಹೊರಟರೆ ಭೂಗೋಲ ಮತ್ತು ಇತಿಹಾಸದ ಎರಡು ಪಾಠಪುಸ್ತಕಗಳೂ ಒಟ್ಟಿಗೇ ತೆರೆದುಕೊಳ್ಳುತ್ತವೆ.

ಮೊದಲು ಹೆಸರು. ಕೊಪ್ಪ ಎಂದರೆ ಚಿಕ್ಕ ಊರು, ನಾಲ್ಕೆಂಟು ಗುಡಿಸಲುಗಳ ಗುಂಪು. ದೊಡ್ಡ ಊರಿನಿಂದ ದೂರದ ಹೊಲಕ್ಕೆ ದಿನವೂ ನಡೆಯಲಾರದವರು, ದನ ಮೇಯಿಸಲು ಹೋದವರು ಅಲ್ಲಿಯೇ ಬಿಡಾರ ಹೂಡಿ, ಬರಬರುತ್ತ ಅದೇ ಒಂದು ಊರಾಗುವುದು ಹಿಂದೆ ನಡೆದುಬಂದ ರೀತಿ. ಧಾರವಾಡ, ಹಾವೇರಿ, ಶಿವಮೊಗ್ಗ ಜಿಲ್ಲೆಗಳ ನಕಾಶೆ ಹರಡಿದರೆ ಕೊಪ್ಪಗಳಿಗೆ ಲೆಕ್ಕವಿಲ್ಲ. ಹುಬ್ಬಳ್ಳಿಯೊಳಗೇ ನಾಗಶೆಟ್ಟಿಕೊಪ್ಪ ಇದೆ. ಗೋಪ ಎಂಬುದು ಒಬ್ಬನ ಹೆಸರಾಗಿರಲಿ, ದನಗಾಹಿ ಎಂಬ ಅರ್ಥದ್ದೇ ಆಗಿರಲಿ, ದನ ಮತ್ತು ಹುಲ್ಲಿನ ವಾಸನೆ ಆ ಹೆಸರಿಗೆ ಅಂಟಿಕೊಂಡಿದೆ. ನಗರದ ಇನ್ನೊಂದು ಬದಿಗೆ ಗೋಕುಲ ಎಂಬ ಹಳ್ಳಿಯೂ ಇದ್ದು, ಇಂದು ಅದು ರಸ್ತೆಯ ಹೆಸರಾಗಿಯೇ ಹೆಚ್ಚು ಪ್ರಸಿದ್ಧ. ಎರಡೂ ಕಡೆ ಈಗ ದನಕ್ಕಿಂತ ಮೋಟರು ಸೈಕಲ್ಲು ಹೆಚ್ಚು ಎಂಬ ಮಾತು ಬೇರೆ.

ಇನ್ನು ನೆಲ. ಹುಬ್ಬಳ್ಳಿ-ಧಾರವಾಡ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿರುವ ಒಂದು ದಿಬ್ಬ. ಈ ದಿಬ್ಬದ ಸ್ವಭಾವ ವಿಚಿತ್ರ. ಇದರ ಪಶ್ಚಿಮದ ಇಳಿಜಾರಿಗೆ ಬಿದ್ದ ಮಳೆಹನಿ ಶಾಲ್ಮಲೆ, ಬೇಡ್ತಿಗಳನ್ನು ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಕಾಣುತ್ತದೆ. ಪೂರ್ವದ ಇಳಿಜಾರಿಗೆ ಬಿದ್ದ ಹನಿ ಬೆಣ್ಣಿಹಳ್ಳಕ್ಕೆ ಇಳಿದು, ಮಲಪ್ರಭೆ, ಕೃಷ್ಣೆಯರ ಜತೆ ಬಂಗಾಳ ಉಪಸಾಗರಕ್ಕೆ ಹೋಗುತ್ತದೆ. ಗುಡ್ಡಗಳೇ ಕಾಣದ ಇಂಥ ಬಯಲಿನಲ್ಲಿ ಎರಡು ಸಮುದ್ರಗಳ ನೀರು ಬೇರೆಯಾಗುತ್ತದೆ ಎಂದರೆ ಮಕ್ಕಳು ನಂಬುವುದಿಲ್ಲ. ಮಳೆ ಬಂದ ದಿನ ಗಟಾರದ ನೀರು ಯಾವ ಕಡೆ ಓಡುತ್ತದೆ ಎಂದು ಅವರನ್ನೇ ನೋಡಲು ಕಳಿಸುವುದು ಒಳ್ಳೆಯದು.

ಮಳೆಯ ಕಥೆಯೂ ಹಾಗೆಯೇ. ಒಂದು ತಾಸಿನ ಬಸ್ಸಿನ ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಕಲಘಟಗಿ, ಅಲ್ಲಿ ಭತ್ತದ ಗದ್ದೆ. ಅಷ್ಟೇ ದೂರ ಪೂರ್ವಕ್ಕೆ ಹೋದರೆ ನವಲಗುಂದ, ಅಲ್ಲಿ ಬರಿಯ ಎರೆ ಬಯಲು, ಹತ್ತಿ, ಕಡಲೆ, ಬಿಳಿಜೋಳ. ನಡುವಿನ ಹುಬ್ಬಳ್ಳಿ ಎರಡಕ್ಕೂ ಸೇರಿದ, ಎರಡಕ್ಕೂ ಸೇರದ ನೆಲ. ಪಶ್ಚಿಮದ ಕಡೆ ಮಸಾರಿ, ಕುಸುಗಲ್ಲಿನ ಕಡೆ ಸರಿದಂತೆಲ್ಲ ಎರೆ ದಪ್ಪವಾಗುತ್ತ ಹೋಗುತ್ತದೆ. ಈ ಮಣ್ಣಿನ ಕೆಳಗಿನ ಬಂಡೆಗೆ ಭೂವಿಜ್ಞಾನಿಗಳು ಜಗತ್ತಿನಾದ್ಯಂತ ಧಾರವಾಡ ಶಿಲೆ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಟ್ಟ ಹೆಸರು ಅದು. 250 ಕೋಟಿ ವರ್ಷಗಳಿಗೂ ಹಿಂದಿನ ಕಲ್ಲು.

ಎರೆ ಮಣ್ಣಿನ ಗುಣ ಒಕ್ಕಲಿಗನಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಕಾಲಿಟ್ಟರೆ ಮೊಣಕಾಲಿನ ತನಕ ಹಿಡಿಯುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲ ಬಿರುಕು ಬಿಡುತ್ತದೆ. ಆ ಬಿರುಕಿನೊಳಗೆ ಮೇಲಿನ ಮಣ್ಣು ಉದುರಿ, ನೆಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಹಿಂಗಾರಿ ಬಿಳಿಜೋಳ ಒಂದೆರಡು ಮಳೆಯ ಮೇಲೆ, ಉಳಿದಂತೆ ಚಳಿ ಮತ್ತು ಮಂಜಿನ ಮೇಲೆ ಬೆಳೆಯುವುದು ಈ ಮಣ್ಣು ಒಳಗೆ ಹಿಡಿದಿಟ್ಟುಕೊಂಡ ತೇವದಿಂದ. ಮುಂಗಾರಿಗೆ ಹೆಸರು, ಶೇಂಗಾ. ಹಿಂಗಾರಿಗೆ ಜೋಳ, ಕಡಲೆ, ಕುಸುಬೆ, ಗೋದಿ. ಎರಡರ ನಡುವೆ ಕಾಲು ಚಾಚಿಕೊಂಡು ಹತ್ತಿ. ಸುಗ್ಗಿ ಮುಗಿದ ಮೇಲೆ ಜೋಳ ಕಣದಿಂದ ಹಗೇವಿಗೆ ಹೋಗುತ್ತಿತ್ತು. ಹಗೇವು ಎಂದರೆ ನೆಲದಡಿಯ ಕಣಜ. ಒಳಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿ ಮುಚ್ಚಿ ಮೇಲೆ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ್ದರಿಂದ ಹುಳ ಬೀಳುತ್ತಿರಲಿಲ್ಲ. ತೆರೆದ ಕೂಡಲೇ ಒಳಗೆ ಇಳಿಯಬಾರದೆಂದು, ಮೊದಲು ದೀಪ ಇಳಿಸಿ ಅದು ಆರುತ್ತದೋ ಇಲ್ಲವೋ ನೋಡುತ್ತಿದ್ದರು. ಇಂಗಾಲದ ಡೈಆಕ್ಸೈಡಿನ ಪಾಠ ಪುಸ್ತಕಕ್ಕೆ ಬರುವ ಮುಂಚೆ ಹಗೇವಿನ ಬಾಯಲ್ಲಿತ್ತು.

ಈ ನೆಲವನ್ನು ಅಳೆದವರು ಅನೇಕರು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಮತ್ತರು, ಕಮ್ಮ ಎಂಬ ಅಳತೆಗಳು ಬರುತ್ತವೆ. ಹತ್ತಿರದ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಆ ಕಾಲದ ಗುರುತಾಗಿ ಇಂದಿಗೂ ನಿಂತಿದೆ. ರೈತರ ಬಾಯಲ್ಲಿ ಇದ್ದ ಅಳತೆ ಕೂರಿಗೆ, ಅಂದರೆ ಒಂದು ಕೂರಿಗೆ ಒಂದು ದಿನಕ್ಕೆ ಬಿತ್ತುವಷ್ಟು ಹೊಲ. ಎತ್ತು ಬಲವಾಗಿದ್ದರೆ ಕೂರಿಗೆಯೂ ದೊಡ್ಡದಾಗುವ ಅಳತೆ ಅದು. ಸರಕಾರಕ್ಕೆ ಇಂಥ ಅಳತೆ ಹಿಡಿಸುವುದಿಲ್ಲ. ವಿಜಾಪುರದ ಆದಿಲ್‌ಶಾಹಿ, ಸವಣೂರಿನ ನವಾಬರು, ಪೇಶ್ವೆಯರು, ಹೈದರ್-ಟಿಪ್ಪು, ಮತ್ತೆ ಪೇಶ್ವೆಯರು, ಹೀಗೆ ಕೈಯಿಂದ ಕೈಗೆ ಹೋದ ಈ ಸೀಮೆ 1817ರಲ್ಲಿ ಮನ್ರೋ ಸಾಹೇಬನ ಮೂಲಕ ಇಂಗ್ಲಿಷರ ವಶವಾಯಿತು. ಹೊಸ ಹುಬ್ಬಳ್ಳಿ ಮತ್ತು ಅದರ ಹಳ್ಳಿಗಳನ್ನು ಸಾಂಗಲಿಯ ಪಟವರ್ಧನರು 1820ರಲ್ಲಿ ಬಿಟ್ಟುಕೊಟ್ಟರು. ಹೊಸಬರಿಗೆ ಬೇಕಾಗಿದ್ದು ಕಂದಾಯ, ಕಂದಾಯಕ್ಕೆ ಬೇಕಾಗಿದ್ದು ಅಳತೆ.

ಮುಂಬಯಿ ಇಲಾಖೆಯ ಸರ್ವೆ ಪದ್ಧತಿಯನ್ನು ರೂಪಿಸಿದವರು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು. 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭವಾದ ಈ ಕೆಲಸ 1840ರ ದಶಕದಲ್ಲಿ ಧಾರವಾಡ ಸೀಮೆಗೆ ಬಂತು. 33 ಅಡಿ ಉದ್ದದ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. 33ನ್ನು 33ರಿಂದ ಗುಣಿಸಿ, ಬಂದದ್ದನ್ನು 40ರಿಂದ ಗುಣಿಸಿದರೆ 43,560 ಚದರಡಿ. ನಾಲ್ಕನೆಯ ಇಯತ್ತೆಯ ಹುಡುಗ ಮಾಡಬಹುದಾದ ಲೆಕ್ಕ ಇದು, ಆದರೆ ಸೈಟು ಕೊಳ್ಳುವಾಗ ಅವನ ಅಪ್ಪ ಎಷ್ಟೋ ಸಲ ಏಜೆಂಟನನ್ನು ಕೇಳುತ್ತಾನೆ.

ಅಳತೆಗಿಂತ ಸ್ವಾರಸ್ಯವಾದದ್ದು ಮಣ್ಣಿನ ತರಗತಿ. ಸರ್ವೆಯವರು ಹೊಲದಲ್ಲಿ ಅಲ್ಲಲ್ಲಿ ಅಗೆದು ಆಳ ನೋಡುತ್ತಿದ್ದರು. ಒಂದೂ ಮುಕ್ಕಾಲು ಮೊಳ ಅಥವಾ ಅದಕ್ಕಿಂತ ಆಳದ ಒಳ್ಳೆಯ ಎರೆಗೆ ಹದಿನಾರಾಣೆ. ಆಳ ಕಡಿಮೆಯಾದಂತೆ ಆಣೆಯೂ ಕಡಿಮೆ. ಒಂದು ಮೊಳಕ್ಕೆ ಹತ್ತಾಣೆ, ಅರ್ಧ ಮೊಳಕ್ಕೆ ಆರಾಣೆ. ಕಲ್ಲು, ಸವಳು, ಇಳಿಜಾರು, ನೀರು ನಿಲ್ಲುವುದು ಮುಂತಾದ ದೋಷಗಳಿದ್ದರೆ ಇನ್ನೂ ಕೆಳಗೆ. ಹೀಗೆ ನಿಗದಿಯಾದ ಕಂದಾಯ 30 ವರ್ಷ ಬದಲಾಗುತ್ತಿರಲಿಲ್ಲ. ಪ್ರತಿ ಹೊಲದ ಮೂಲೆಗೆ ಒಂದು ಕಲ್ಲು, ಪ್ರತಿ ಹೊಲಕ್ಕೆ ಒಂದು ಅಂಕಿ. 'ಹದಿನಾರಾಣೆ ಮಾತು' ಎಂದು ಹಳಬರು ಹೇಳುವಾಗ ರೂಪಾಯಿಯೊಂದೇ ಅವರ ಮನಸ್ಸಿನಲ್ಲಿರುತ್ತಿತ್ತು ಎನ್ನುವಂತಿಲ್ಲ, ಹೊಲವೂ ಇದ್ದೀತು.

ಅಲ್ಲಿಂದ ಮುಂದಿನ ಇತಿಹಾಸವನ್ನು ಉತಾರ ಒಂದೇ ಹೇಳಬಲ್ಲದು. ಬೆಂಗಳೂರಿನವರು ಪಹಣಿ ಎನ್ನುವುದಕ್ಕೆ ಈ ಕಡೆ ಉತಾರ ಎನ್ನುತ್ತಾರೆ. ಅದರಲ್ಲಿ ಹದಿನಾರು ಕಾಲಮ್ಮುಗಳು. ಒಂಬತ್ತನೆಯದರಲ್ಲಿ ಹೊಲದ ಒಡೆಯನ ಹೆಸರು, ಹನ್ನೊಂದನೆಯದರಲ್ಲಿ ಸಾಲಸೋಲ, ಹನ್ನೆರಡನೆಯದರಲ್ಲಿ ಸಾಗುವಳಿ ಮತ್ತು ಬೆಳೆ. ಆ ಕಾಗದದ ಮಾತುಗಳನ್ನೇ ಒಂದೊಂದಾಗಿ ಹೆಕ್ಕಿ ನೋಡಿದರೆ ಯಾರು ಯಾರು ಆಳಿಹೋದರು ಎಂಬುದು ತಿಳಿಯುತ್ತದೆ. ಮೌಜೆ, ಹಿಸ್ಸಾ, ಖರಾಬು ಅರಬ್ಬಿಯಿಂದ ಬಂದವು. ಉತಾರ, ಗಾಂವಠಾಣ ಮರಾಠಿಯವು. ಎಕರೆ, ನಂಬರು ಇಂಗ್ಲಿಷಿನವು. ಹೊಲ, ಬದು, ಹಳ್ಳ, ಕೆರೆ, ಕಣ ಮಾತ್ರ ನಮ್ಮವು. ದಾಖಲೆಯ ಮಾತೆಲ್ಲ ಹೊರಗಿನದು, ದುಡಿಮೆಯ ಮಾತೆಲ್ಲ ಮನೆಯದು.

ಖರಾಬು ಎಂಬ ಮಾತು ಬಲು ದೂರದಿಂದ ನಡೆದು ಬಂದಿದೆ. ಹಾಳು, ಪಾಳು ಎಂದು ಅದರ ಅರ್ಥ. ಅದೇ ಧಾತುವಿನಿಂದ ಹುಟ್ಟಿದ ಖಿರ್ಬೆ ಎಂಬ ಮಾತು ಪ್ಯಾಲೆಸ್ಟೈನಿನ ಎಷ್ಟೋ ಹಳ್ಳಿಗಳ ಹೆಸರಿನ ಮುಂದಿದೆ. ಹಳೆಯ ಊರೊಂದರ ಪಾಳು ಗೋಡೆಗಳ ನಡುವೆ, ಬಿತ್ತನೆ ಸುಗ್ಗಿಗಳ ಕಾಲಕ್ಕೆ ದೊಡ್ಡ ಊರಿನಿಂದ ಬಂದು ಬಿಡಾರ ಹೂಡುತ್ತಿದ್ದ ಜಾಗಗಳು ಅವು. ಬರಬರುತ್ತ ಕೆಲವು ಕಾಯಂ ಹಳ್ಳಿಗಳಾದವು. ಕೊಪ್ಪದ ಕಥೆಯೂ ಇದೇ ತಾನೆ! ಅಲ್ಲಿ ಜೆರುಸಲೇಮಿನ ಹತ್ತಿರ ಬತ್ತೀರ್ ಎಂಬ ಊರಿದೆ. ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಒಡ್ಡು ಕಟ್ಟಿ ಮಾಡಿದ ಮೆಟ್ಟಿಲು ಹೊಲಗಳು, ಎಣ್ಣೆಮರ ಎಂದು ಕರೆಯಬಹುದಾದ ಆಲಿವ್ ತೋಪುಗಳು, ರೋಮನ್ನರ ಕಾಲದಿಂದ ಹರಿಯುವ ಒಂದು ಬುಗ್ಗೆ. ಆ ಬುಗ್ಗೆಯ ನೀರನ್ನು ಊರಿನ ಎಂಟು ಮನೆತನಗಳು ಸರದಿಯ ಮೇಲೆ ಹಂಚಿಕೊಳ್ಳುತ್ತವೆ, ಒಂದು ಮನೆತನಕ್ಕೆ ಒಂದು ದಿನ. ಆದ್ದರಿಂದ ಬತ್ತೀರಿನ ವಾರಕ್ಕೆ ಎಂಟು ದಿನ ಎಂಬ ಮಾತೇ ಹುಟ್ಟಿಕೊಂಡಿದೆ. 1892ರಲ್ಲಿ ಆರಂಭವಾದ ಯಾಫಾ-ಜೆರುಸಲೇಮ್ ರೈಲು ಆ ಊರಿನ ಪಕ್ಕದಲ್ಲೇ ಹಾಯ್ದುಹೋಯಿತು. 1949ರ ಕದನವಿರಾಮದ ಗಡಿಗೆರೆ ಅದೇ ರೈಲು ಹಾದಿಯ ಗುಂಟ ಬಿತ್ತು. ಆಚೆಗೆ ಉಳಿದ ತಮ್ಮ ಹೊಲಗಳನ್ನು ಉಳುವ ಅವಕಾಶವನ್ನು ಊರಿನವರು ಮಾತುಕತೆಯಿಂದ ಉಳಿಸಿಕೊಂಡರು. 2014ರಲ್ಲಿ ಯುನೆಸ್ಕೋ ಆ ಮೆಟ್ಟಿಲು ಹೊಲಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅಪಾಯದಲ್ಲಿರುವ ತಾಣ ಎಂಬ ಟಿಪ್ಪಣಿಯೊಂದಿಗೆ. ಗೋಪನಕೊಪ್ಪಕ್ಕೆ ಗಡಿಯ ಕಾಟವಿಲ್ಲ, ಯುನೆಸ್ಕೋದ ಮರ್ಯಾದೆಯೂ ಇಲ್ಲ. ರೈಲು ಮಾತ್ರ ಇಲ್ಲಿಗೂ ಬಂತು.

ಆ ರೈಲಿನ ಹಿಂದೆ ಎರಡು ಕಾರಣಗಳಿದ್ದವು: ಹತ್ತಿ ಮತ್ತು ಬರ. 1840ರ ದಶಕದಲ್ಲಿ ಕಂಪನಿ ಸರಕಾರ ಹುಬ್ಬಳ್ಳಿ-ಧಾರವಾಡದ ಎರೆ ಹೊಲಗಳಲ್ಲಿ ಅಮೆರಿಕದ ಹತ್ತಿಯನ್ನು ಬೆಳೆಸಿ ನೋಡಿತು, ಅದಕ್ಕಾಗಿ ಅಮೆರಿಕದಿಂದಲೇ ಹತ್ತಿ ಬೆಳೆಗಾರರನ್ನು ಕರೆಸಿತು. ಬೇರೆ ಕಡೆ ಸೋತ ಆ ಪ್ರಯೋಗ ಇಲ್ಲಿ ಹಿಡಿಯಿತು. ಧಾರವಾಡ-ಅಮೆರಿಕನ್ ಎಂಬ ಹೆಸರಿನಲ್ಲಿ ಈ ಹತ್ತಿ ಮ್ಯಾಂಚೆಸ್ಟರಿನ ಪೇಟೆ ಮುಟ್ಟಿತು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಬೆಲೆ ಆಕಾಶಕ್ಕೇರಿತು. ಯುದ್ಧ ಮುಗಿದ ಮೇಲೆ ನೆಲಕ್ಕೆ ಬಿತ್ತು. ದೂರದ ದೇಶದ ಜಗಳ ತನ್ನ ಹೊಲದ ಬೆಲೆ ಕಟ್ಟುತ್ತದೆ ಎಂಬುದು ಈ ಸೀಮೆಯ ರೈತನಿಗೆ ಮೊದಲು ತಿಳಿದದ್ದು ಆಗ. 1876-78ರ ಭೀಕರ ಬರದ ನಂತರ ಕಾಳು ಸಾಗಿಸಲು ದಾರಿಯಿರಬೇಕೆಂದು ದಕ್ಷಿಣ ಮರಾಠಾ ರೈಲ್ವೆ ಬಂತು. 1880ರ ದಶಕದಲ್ಲಿ ಹುಬ್ಬಳ್ಳಿ ಜಂಕ್ಷನ್ ಆಯಿತು, ವರ್ಕ್‌ಶಾಪು ಎದ್ದಿತು, ನೂಲಿನ ಗಿರಣಿ ಕೂಗಿತು. ಸುತ್ತಲಿನ ಹಳ್ಳಿಗಳ ಮನೆಯಲ್ಲಿ ಒಬ್ಬ ಮಗ ಹೊಲಕ್ಕೆ, ಇನ್ನೊಬ್ಬ ವರ್ಕ್‌ಶಾಪಿಗೆ ಎಂಬ ಪದ್ಧತಿ ಬೆಳೆಯಿತು.

ಹತ್ತಿಯ ನಂಟು ಅಷ್ಟಕ್ಕೇ ಮುಗಿಯಲಿಲ್ಲ. ಮಗ್ಗುಲ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಬಿ.ಐ.ಎಸ್. ಮುದ್ರೆಯ ಖಾದಿ ರಾಷ್ಟ್ರಧ್ವಜ ತಯಾರಾಗುವುದು ಅಲ್ಲಿ. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿ ರೂಪಿಸಿದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ 1972ರಲ್ಲಿ ಹೊರಬಂದು ದೇಶದಲ್ಲೆಲ್ಲ ಹೆಸರಾಯಿತು.

1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಕೂಡಿ ಒಂದೇ ಮಹಾನಗರ ಪಾಲಿಕೆಯಾಯಿತು. ಇಪ್ಪತ್ತು ಕಿಲೋಮೀಟರು ದೂರದ ಎರಡು ಊರುಗಳನ್ನು ಕಟ್ಟಿಹಾಕಿದ ಈ ಗಂಟಿನ ನಡುವೆ, ಸುತ್ತಮುತ್ತ ಹಲವಾರು ಹಳ್ಳಿಗಳೂ ಸಿಕ್ಕಿಕೊಂಡವು. ಅಂಥವುಗಳ ಸಾಲಿನದು ಗೋಪನಕೊಪ್ಪ. ಕಾಗದದಲ್ಲಿ ಪಟ್ಟಣ, ಹೊಲದಲ್ಲಿ ಕುಂಟಿ ಎಂಬ ಎರಡು ದೋಣಿಯ ಪಯಣ ಅದು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಗಿ, ಏಳನೆಯ ನಮೂನೆಯ ಅರ್ಜಿ ಹಾಕಿದ ಗೇಣಿದಾರರು ಎಲ್ಲ ಕಡೆಯಂತೆ ಈ ಜಿಲ್ಲೆಯಲ್ಲಿಯೂ ಒಡೆಯರಾದರು. ಒಂದು ತಲೆಮಾರು ಕಷ್ಟಪಟ್ಟು ಪಡೆದ ಹೊಲವನ್ನು ಮುಂದಿನ ತಲೆಮಾರು ಪ್ಲಾಟು ಹಾಕುವ ಕಾಲವೂ ದೂರವಿರಲಿಲ್ಲ. ಪಾಲಿಕೆಯ ಜನಸಂಖ್ಯೆ 1991ರಲ್ಲಿ ಆರೂವರೆ ಲಕ್ಷದ ಹತ್ತಿರ ಇದ್ದದ್ದು 2011ರ ಹೊತ್ತಿಗೆ 9 ಲಕ್ಷ 43 ಸಾವಿರ ದಾಟಿತು. ಇಷ್ಟು ಮಂದಿ ಎಲ್ಲಿಯಾದರೂ ಇರಬೇಕಲ್ಲ.

ಹೊಲ ಮಾರಿದವರನ್ನು ಬೈಯುವುದು ಸುಲಭ. ಅದರ ಹಿಂದಿನ ಲೆಕ್ಕ ಮಾಡಿ ನೋಡಬೇಕು. ಇಪ್ಪತ್ತು ಎಕರೆಯ ಒಂದು ಸರ್ವೆ ನಂಬರು ಇದೆ ಎಂದು ಇಟ್ಟುಕೊಳ್ಳಿ. ನಾಲ್ಕು ಮಂದಿ ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡರೆ ತಲಾ ಐದು ಎಕರೆ. ಅವರ ಮಕ್ಕಳು ತಲಾ ನಾಲ್ವರಾದರೆ ಒಂದು ಎಕರೆ ಹತ್ತು ಗುಂಟೆ. ಅದರ ಮುಂದಿನವರಿಗೆ ಹನ್ನೆರಡೂವರೆ ಗುಂಟೆ. ಹನ್ನೆರಡೂವರೆ ಗುಂಟೆಯಲ್ಲಿ ಎತ್ತು ತಿರುಗಿಸಲೂ ಜಾಗ ಸಾಲದು. ಈ ಲೆಕ್ಕದಲ್ಲಿ ಇನ್ನೊಂದು ತಪ್ಪಿದೆ. ಮಕ್ಕಳು ಎಂದ ಕೂಡಲೇ ಗಂಡುಮಕ್ಕಳನ್ನು ಮಾತ್ರ ಎಣಿಸುವುದು. 1994ರ ಜುಲೈ 30ರಿಂದ ಕರ್ನಾಟಕದಲ್ಲಿ, 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ, ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾಯಿದೆ ಬಂದಿದೆ. ಹೊಲಕ್ಕೆ ಬಂಗಾರದ ಬೆಲೆ ಬಂದ ದಿನ ಕೊಟ್ಟ ಮನೆಯಿಂದ ಅಕ್ಕತಂಗಿಯರನ್ನು ಕರೆಸಿ, ಸೀರೆ ಉಡಿಸಿ, 'ನಮ್ಮವ್ವಾ, ಇಲ್ಲೊಂದು ಸಹಿ ಹಾಕು' ಎನ್ನುವ ಮನೆಗಳಿವೆ. ಆ ಸಹಿಯ ಮೇಲೆ ಏನು ಬರೆದಿದೆ ಎಂದು ಓದಿ ಹೇಳುವ ಕೆಲಸ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳದೇ ಆಗಬೇಕು.

ಇನ್ನು ಪ್ಲಾಟಿನ ಲೆಕ್ಕ. ಒಂದು ಎಕರೆಯಲ್ಲಿ ರಸ್ತೆ, ಉದ್ಯಾನ ಮುಂತಾದವಕ್ಕೆ ಅರ್ಧದಷ್ಟು ಬಿಟ್ಟರೆ 30-40 ಅಳತೆಯ ಹದಿನೆಂಟು ನಿವೇಶನಗಳಾಗುತ್ತವೆ. ಜೋಳ ಬೆಳೆದು ಇಷ್ಟು ದುಡ್ಡು ನೋಡಲು ಎಷ್ಟು ಸುಗ್ಗಿ ಬೇಕೋ! ಆದರೆ ಎರೆ ನೆಲ ಅಷ್ಟು ಸುಲಭವಾಗಿ ಸೋಲೊಪ್ಪುವುದಿಲ್ಲ. ಹದಿನಾರಾಣೆಯ ಹೊಲ ಮನೆ ಕಟ್ಟಲು ಎರಡಾಣೆಯದು. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಅದೇ ಗುಣ ಬುನಾದಿಯನ್ನು ಎತ್ತಿ ಇಳಿಸಿ, ಗೋಡೆಯಲ್ಲಿ ಓರೆ ಬಿರುಕು ಬಿಡಿಸುತ್ತದೆ. ಆದ್ದರಿಂದ ಎರೆಯನ್ನೆಲ್ಲ ತೋಡಿ ತೆಗೆದು ಗರಸು ತುಂಬಬೇಕು, ಇಲ್ಲವೆ ಗಟ್ಟಿ ನೆಲ ಸಿಗುವ ತನಕ ಕಂಬ ಇಳಿಸಬೇಕು. ಸಾವಿರಾರು ವರ್ಷಗಳಲ್ಲಿ ಕೂಡಿದ ಮಣ್ಣು ಟಿಪ್ಪರಿನಲ್ಲಿ ಹೊರಟುಹೋಗುತ್ತದೆ.

ಇದಕ್ಕಿಂತ ಸದ್ದಿಲ್ಲದೆ ಹೋಗುವ ವಸ್ತು ಒಂದಿದೆ. ಉತಾರದಲ್ಲಿ ಹೊಲದ ಒಟ್ಟು ವಿಸ್ತೀರ್ಣದ ಕೆಳಗೆ 'ಫೂಟ್ ಖರಾಬು' ಎಂದು ಎರಡು ಸಾಲು ಇರುತ್ತವೆ. 'ಅ' ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. 'ಬ' ಖರಾಬು ಎಂದರೆ ಹಳ್ಳ, ಬಂಡಿದಾರಿ, ಕಾಲುದಾರಿ, ಕೆರೆ ಮುಂತಾದ ಸಾರ್ವಜನಿಕ ಬಳಕೆಯದು. ಅದು ಹೊಲದೊಳಗೆ ಇದ್ದರೂ ಹೊಲದವನದಲ್ಲ, ಮಾರುವಂತಿಲ್ಲ. ಸರ್ವೆಯವರು ಹಾಳು ಎಂಬ ಅರ್ಥದ ಹೆಸರಿಟ್ಟ ಈ ತುಂಡುಗಳೇ ಊರಿನ ಜೀವನಾಡಿಗಳು. ದನ ಹಳ್ಳಕ್ಕೆ ಇಳಿದದ್ದು, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಬುತ್ತಿ ಹೊತ್ತ ಬಂಡಿಗಳು ಹೊರಟದ್ದು, ಮಳೆನೀರು ಕೆರೆ ಸೇರಿದ್ದು ಎಲ್ಲ ಅದರ ಮೇಲೆಯೇ. ಹೊಲಗಳು ಪ್ಲಾಟುಗಳಾಗುವಾಗ ಒಬ್ಬೊಬ್ಬ ಒಡೆಯನೂ ತನ್ನ ತುಂಡಿನ ಲೆಕ್ಕ ಚೊಕ್ಕವಾಗಿ ಮಾಡಿಕೊಳ್ಳುತ್ತಾನೆ. ಖರಾಬಿನ ಲೆಕ್ಕ ಕೇಳುವವರು ಯಾರೂ ಇಲ್ಲದ್ದರಿಂದ ಮೂರು ಮಾರು ಅಗಲದ ಹಳ್ಳ ಒಂದು ಗಟಾರವಾಗುತ್ತದೆ, ಆ ಗಟಾರ ಒಂದು ಪೈಪಾಗುತ್ತದೆ. ಆಮೇಲೆ ದೊಡ್ಡ ಮಳೆಯಾದ ರಾತ್ರಿ ನೀರು ಮನೆಯ ಪಡಸಾಲೆಗೆ ಬಂದಾಗ ಎಲ್ಲರೂ ಪಾಲಿಕೆಯನ್ನು ಬೈಯುತ್ತಾರೆ. ನೀರಿಗೆ ತನ್ನ ದಾರಿ ಮಾತ್ರ ಗೊತ್ತು, ಖರೀದಿಪತ್ರ ಓದಲು ಬರುವುದಿಲ್ಲ.

ದೀಪಾವಳಿಯ ಸೂಟಿಯಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಗೋಪನಕೊಪ್ಪದ ಮಕ್ಕಳೇ ಆಗಬೇಕೆಂದಿಲ್ಲ. ಹೊಲದ ಮೇಲೆ ಎದ್ದ ಯಾವ ಬಡಾವಣೆಯವರಾದರೂ ಸರಿ. ಮನೆಯ ಕಾಗದದಲ್ಲಿ ಹಳ್ಳಿಯ ಹೆಸರು ಮತ್ತು ಸರ್ವೆ ನಂಬರು ಹುಡುಕಬೇಕು. ಭೂಮಾಪನ ಇಲಾಖೆಯಿಂದ ಆ ಹಳ್ಳಿಯ ನಕಾಶೆ ಪಡೆದು, ಅದರಲ್ಲಿ ತಮ್ಮ ನಂಬರಿನ ಹೊಲಕ್ಕೆ ಪೆನ್ಸಿಲಿನಿಂದ ಬಣ್ಣ ಹಚ್ಚಬೇಕು. ಹಳ್ಳದ ಗೆರೆ, ಬಂಡಿದಾರಿಯ ಚುಕ್ಕೆಗೆರೆ, ಗಾಂವಠಾಣದ ಗಡಿ ಅದರಲ್ಲಿ ಇರುತ್ತವೆ. ನಕಾಶೆ ಕೈಯಲ್ಲಿ ಹಿಡಿದು ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ನಡೆಯಬೇಕು. ಹಿರಿಯರ ಬಾಯಲ್ಲಿ ಹೊಲಗಳಿಗೆ ಅಂಕಿ ಇರುವುದಿಲ್ಲ, ಹೆಸರಿರುತ್ತದೆ; ಹುಣಸಿಗಿಡದ ಹೊಲ, ಬಾವಿ ಹೊಲ, ಹಳ್ಳದ ದಂಡಿ ಹೊಲ ಎಂದು. ಆ ಹೆಸರುಗಳನ್ನು ನಕಾಶೆಯ ಅಂಕಿಗಳ ಪಕ್ಕದಲ್ಲಿ ಬರೆದುಕೊಳ್ಳಬೇಕು, ಅವು ಯಾವ ಕಚೇರಿಯಲ್ಲಿಯೂ ಸಿಗುವುದಿಲ್ಲ. ನಾಲ್ಕು ರಸ್ತೆ ಕೂಡುವ ಮೂಲೆಯಲ್ಲಿ, ಯಾರದೋ ಕಂಪೌಂಡಿನ ಬುಡದಲ್ಲಿ, ಅರ್ಧ ಹೂತ ಒಂದು ಕರಿಗಲ್ಲು ಸಿಕ್ಕರೂ ಸಿಗಬಹುದು. ಬಟ್ಟೆ ಒಗೆಯಲು ಕಿತ್ತು ತಂದ ಕಲ್ಲು ಎಂದು ಯಾರಾದರೂ ಹೇಳುವ ಮುಂಚೆ ಅದು ನಿಂತ ಜಾಗವನ್ನು ನಕಾಶೆಯ ಮೇಲೆ ಗುರುತು ಹಾಕಿಕೊಳ್ಳಬೇಕು.